ಗೋಡೆಗೂ ಕಂಬಕ್ಕೂ ನಡುವೆ

ಐವತ್ತೈದು ಸೆಂಟಿಮೀಟರ್.
ಅಡುಗೆಮನೆ ಎಂದು ನಾವು ಕರೆಯುವ ಈ ಮುಚ್ಚಿದ ಬಾಲ್ಕನಿಯಲ್ಲಿ
ಉಳಿದದ್ದು ಅಷ್ಟೇ.
ಮೂರು ಸಲ ಅಳೆದೆ. ಟೇಪು ನನ್ನ ಕುತ್ತಿಗೆಯಲ್ಲೇ ಇರುತ್ತದೆ
ಹದಿನೇಳು ವರ್ಷದಿಂದ, ಕೆಲವೊಮ್ಮೆ ನಿದ್ದೆಯಲ್ಲೂ.

ಸುಗಂಧಿ ಕುವೈತಿಗೆ ಬಂದು ಇಪ್ಪತ್ತು ದಿನ.
ಮೇ ತಿಂಗಳ ಅಬ್ಬಾಸಿಯಾ. ಬೆಳಿಗ್ಗೆ ರುಬ್ಬಿದ ಹಿಟ್ಟು
ಮಧ್ಯಾಹ್ನದ ಬಾಂಗಿಗೆ ಮೊದಲೇ ಪಾತ್ರೆ ದಾಟಿ ಕಟ್ಟೆಗಿಳಿಯುತ್ತದೆ.
ತಂದ ಬಂಗುಡೆಯನ್ನು ಅಂದೇ ತಿನ್ನಬೇಕು, ಅಷ್ಟನ್ನೂ,
ಹಬ್ಬವಲ್ಲದ ದಿನ ಹಬ್ಬದ ಹಾಗೆ.

ಷೋರೂಮಿನ ಹುಡುಗ ಟೈ ಕಟ್ಟಿದ್ದ.
"ಸ್ಟ್ಯಾಂಡರ್ಡ್ ಎಪ್ಪತ್ತು, ಅಂಕಲ್. ತೀರಾ ಸಣ್ಣದೆಂದರೆ ಅರವತ್ತು."
ಜೋಡಿ ಬಾಗಿಲಿನ ದೈತ್ಯರ ಸಾಲಿನಲ್ಲಿ ನಡೆದೆ,
ಒಂದೊಂದರ ಹೊಟ್ಟೆಯಲ್ಲೂ ನಮ್ಮ ಅಡುಗೆಮನೆ ಹಿಡಿಸುತ್ತಿತ್ತು.
ಗಿಡ್ಡವೂ ಇದ್ದವು, ಹೋಟೆಲಿನ ಮಂಚದ ಪಕ್ಕ ಕೂರುವಂಥವು:
ನಾಲ್ಕು ಬಾಟಲಿ, ಒಂದು ನಿಂಬೆಹಣ್ಣು.
ನನಗೆ ಬೇಕಾದದ್ದು ಉದ್ದ ನಿಲುವಿನ, ಸಪೂರ ಮೈಯ,
ರೆಡಿಮೇಡ್ ಅಂಗಿ ಎಲ್ಲೂ ಸಿಗದಂಥ ಆಳು.
ಅಂಥವರೇ ನನ್ನ ಗಿರಾಕಿಗಳು. ಸ್ಟ್ಯಾಂಡರ್ಡ್ ಮನುಷ್ಯ
ಈವರೆಗೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಶುಕ್ರವಾರದ ಸಂತೆಯಲ್ಲಿ ಸಿಕ್ಕಿತು,
ಸೋಫಾಗಳ ಹಿಂದೆ, ಮುರಿದ ಟ್ರೆಡ್‌ಮಿಲ್ಲಿಗೆ ಒರಗಿ.
ಬಾಗಿಲ ಮೇಲೆ ಯಾರದೋ ಮಗು ಅಂಟಿಸಿದ ಡೈನೋಸಾರ್,
ತಲೆ ಕಿತ್ತು ಹೋದದ್ದು.
ಮಾರುವ ಮಿಸ್ರಿಗೆ ನನ್ನ ಹಿಂದಿ ಬಾರದು, ನನಗೆ ಅವನ ಅವಸರ.
ಟೇಪು ತೆಗೆದೆ. ಭುಜ ಐವತ್ತನಾಲ್ಕು. ಎತ್ತರ ನೂರ ಎಪ್ಪತ್ತೆಂಟು.
ಬೆನ್ನು ಕೊಂಚ ಗೂನು, ಇರಲಿ.
ಬಾಗಿಲು ಬಲಕ್ಕೆ ತೆರೆಯುತ್ತದೆ, ನಮಗೆ ಎಡಕ್ಕೆ ಬೇಕು.
ಗಂಡಸರ ಅಂಗಿಗೆ ಒಂದು ಕಡೆ ಗುಂಡಿ, ಹೆಂಗಸರದಕ್ಕೆ ಇನ್ನೊಂದು,
ನಾಲ್ಕು ತಿರುಪು ಬಿಚ್ಚಿದರೆ ಮುಗಿಯಿತು.
ಅವನು ನಲವತ್ತು ದಿನಾರ್ ಅಂದ. ನಾನು ಇಪ್ಪತ್ತೆರಡು.
ಅವನ ನಿಲುವಂಗಿಯ ಕಂಕುಳು ಬಿಟ್ಟುಕೊಂಡಿತ್ತು, ತೋರಿಸಿದೆ.
ನನ್ನ ಕಾಲರಿನ ಹಿಂದೆ ಸೂಜಿ ಸದಾ ಇರುತ್ತದೆ, ದಾರ ಪೋಣಿಸಿಯೇ.
ಇಪ್ಪತ್ತೇಳಕ್ಕೆ ಇಳಿದ,
ಹೊಲಿಗೆ ಮುಗಿಯುವ ತನಕ ಕೈ ಎತ್ತಿಕೊಂಡೇ ನಿಂತ.

ನಾಲ್ಕನೇ ಮಹಡಿ. ಬಂಗಾಳಿ ಹುಡುಗರಿಬ್ಬರು
ಬೆವರು ಸುರಿಸುತ್ತ ಒಳಗೆ ತಳ್ಳಿದರೆ
ಹೋಗುವುದಿಲ್ಲ.
ನಾನು ಎದೆಮಟ್ಟದಲ್ಲಿ ಅಳೆದಿದ್ದೆ.
ಬುಡದಲ್ಲಿ, ಗೋಡೆಗೆ ಅಂಟಿದ ಮೂರು ಬೆರಳೆತ್ತರದ ಟೈಲ್ಸ್ ಪಟ್ಟಿ
ಎರಡೂ ಕಡೆ ಸೇರಿ ಒಂದೂವರೆ ಸೆಂಟಿಮೀಟರ್
ಕದ್ದಿಟ್ಟುಕೊಂಡಿತ್ತು.
ಅಂಚು ನೋಡದೆ ಬಟ್ಟೆಗೆ ಕತ್ತರಿ ಹಾಕಿದ ದರ್ಜಿ!
ಮೊದಲ ವರ್ಷ ನನ್ನ ಕಿವಿ ಹಿಂಡಿದ ಉಸ್ತಾದ್
ಇದನ್ನು ನೋಡಲು ಬದುಕಿಲ್ಲ, ಪುಣ್ಯ.

ಸುಗಂಧಿ ಏನೂ ಅನ್ನಲಿಲ್ಲ. ಕೆಳಗಿನ ಅಂಗಡಿಗೆ ಹೋಗಿ
ನನ್ನ ಹಳೆಯ ಇಸ್ತ್ರಿ ಹಲಗೆ ಹೊತ್ತು ತಂದಳು, ಸುಟ್ಟ ಕಲೆಗಳ ಸಮೇತ.
ಎರಡು ತುಂಡು ಮಾಡಿ, ಒಂದರ ಮೇಲೊಂದು ಇಟ್ಟು, ಹತ್ತಿಸಿದರೆ
ಪಟ್ಟಿಯ ಮೇಲಿನಿಂದ ಸುಮ್ಮನೆ ಸರಿದು ಒಳಗೆ ಕೂತಿತು.
ಈಗ ಮೇಲಿನ ಫ್ರೀಜರು ಅವಳ ಕೈಗೆ ಎಟುಕುವುದಿಲ್ಲ.
ಹೊಲಿಗೆ ಮಿಷನ್ನಿನ ಸ್ಟೂಲೂ ಮೇಲೆ ಬಂತು.

ಮಲಗಿಸಿ ತಂದದ್ದನ್ನು ಕೂಡಲೇ ಚಾಲೂ ಮಾಡಬಾರದಂತೆ,
ಒಳಗಿನ ಎಣ್ಣೆ ಇಳಿಯಬೇಕು. ಆರು ಗಂಟೆ ಕಾದೆವು,
ಬಾಗಿಲು ಬದಲಿಸಿ, ಡೈನೋಸಾರನ್ನು ಕೀಳದೆ.

ಹನ್ನೊಂದೂವರೆಗೆ ಸ್ವಿಚ್ಚು ಒತ್ತಿದೆ.
ಒಮ್ಮೆ ಮೈ ಕೊಡವಿ ಗುಂಯ್‌ಗುಡತೊಡಗಿತು.
ಸುಗಂಧಿ ಸ್ಟೂಲು ಹತ್ತಿ ನಾಳೆಯ ಬಂಗುಡೆಗೆ ಜಾಗ ನೋಡುತ್ತಿದ್ದಳು.
ಕೆಳಗಿನ ಬಾಗಿಲೂ ತೆರೆದಿತ್ತು, ಬಿಳಿ ಬೆಳಕು ಅವಳ ಕಾಲ ಮೇಲೆ.
ನೈಟಿಯ ಅಂಚು ಒಂದು ಗೇಣು ಬಿಚ್ಚಿ ಜೋತಿದೆ,
ಯಾವಾಗಿನಿಂದಲೋ.
ಕಾಲರಿನ ಹಿಂದೆ ಕೈ ಹಾಕಿದೆ. ಸೂಜಿ ಇಲ್ಲ,
ಮಿಸ್ರಿಯ ಕಂಕುಳಲ್ಲೇ ಉಳಿದಿರಬೇಕು.

"ಎಂತ ಕಾಂತ್ರಿ? ಕೆಳಗಿನ್ ಬಾಗ್ಲ್ ಹಾಕಿ,
ತಂಪೆಲ್ಲ ಹೊರ್ಗ್ ಹೋತ್ತ್."