ಮೂರನೇ ಮಹಡಿಯ ಬೀಗದ ಕೈ

ನಮ್ಮೂರಿನ ಹೆಸರಿಗೆ ದೋಣಿಯೆಂದರ್ಥ.
ದೋಣಿ ತೇಲುವಷ್ಟು ನೀರು ಮಾತ್ರ
ವುಚ್ ನಗರದ ಯಾವ ಬೀದಿಯ ಪಕ್ಕದಲ್ಲೂ ಇಲ್ಲ.
ಇದ್ದದ್ದು ಗಿರಣಿ. ಕೆಂಪು ಇಟ್ಟಿಗೆ, ಹೊಗೆಕೊಳವೆ,
ಮೂರನೇ ಮಹಡಿಯಲ್ಲಿ ನೂರಾ ಹನ್ನೆರಡು ಮಗ್ಗ.
ಕೆಟ್ಟರೆ ರಿಪೇರಿಗೆ ನಾನು.
ಈಗ ಮಗ್ಗಗಳಿಲ್ಲ. ಅವು ಕಾಲೂರಿದ ಗುರುತು
ಮರದ ನೆಲದಲ್ಲಿ ನಾಲ್ಕು ನಾಲ್ಕು ತಗ್ಗು.
ಬೀಗದ ಕೈ ಹೇಗೋ ನನ್ನ ಬಳಿಯೇ ಉಳಿಯಿತು.

ಬಾಗಿಲಿಗೆ ಕಿಂಗಾ ವೇಳಾಪಟ್ಟಿ ಅಂಟಿಸಿದ್ದಾಳೆ,
ಪ್ರತಿ ತರಗತಿಯ ಮುಂದೆ ಅದರ ಲಾಭ, ಹಸಿರು ಶಾಯಿಯಲ್ಲಿ.

ಸೋಮವಾರ ಹಠಯೋಗ. ಬರುವವರೂ ಹಠದವರೇ.
ಯಾದ್ವಿಗಾಳ ಬಲಭುಜ ಕಲ್ಲಾಗಿತ್ತು, ಗಿರಣಿಯ ಕಾಲದಿಂದ.
ಕಪಾಟಿನ ಮೇಲಿನ ಸೌತೆಕಾಯಿ ಜಾಡಿ ಇಳಿಸಲು
ಪಕ್ಕದ ಮನೆಯ ಹುಡುಗನೇ ಬರಬೇಕಿತ್ತು.
ಫೆಬ್ರವರಿಯ ಒಂದು ಸಂಜೆ
ಜಾಡಿಯನ್ನೇ ತಂದು ನಡುವೆ ಇಟ್ಟಳು,
ಮಾರ್ಕ್ಸ್ ಕಾರ್ಡ್ ತೋರಿಸುವ ಹುಡುಗಿಯ ಹಾಗೆ.
ಚಾಪೆಯ ಮೇಲೆ ಕೂತೇ ತಿಂದರು ಎಲ್ಲರೂ.
ಉಪ್ಪುನೀರು ಒರೆಸಿದ್ದು ನಾನು.

ಬುಧವಾರ ಅಯ್ಯಂಗಾರ್ ಕ್ರಮ:
ಪಟ್ಟಿ, ಮರದ ಇಟ್ಟಿಗೆ, ಗೋಡೆಯ ಕೊಕ್ಕೆಗೆ ಹಗ್ಗ.
ಇದು ನನಗರ್ಥವಾಗುವ ವಿದ್ಯೆ.
ಎಲ್ಲಿ ಬಿಗಿ, ಎಲ್ಲಿ ಸಡಿಲ,
ಎಲ್ಲಿ ಅರ್ಧ ಬೆರಳಿನಷ್ಟು ಆಚೆ ಸರಿದಿದೆ ಮೊಣಕಾಲು.
ಟ್ರಾಮ್ ಓಡಿಸಿ ಸೊಂಟ ಕಳಕೊಂಡ ರೋಮುವಾಲ್ಡ್
ತಲೆಕೆಳಗಾಗಿ ಜೋತುಬಿದ್ದು ನನ್ನನ್ನೇ ಬೈದ:
'ಹೀಟರಿನ ಅಡಿಯ ಧೂಳು ಯಾರಯ್ಯಾ ಗುಡಿಸುವವರು?'
ಸೊಂಟದ ಸಂಗತಿ ವೈದ್ಯರಿಗೆ ಗೊತ್ತು.
ಬೂಟಿನ ಲಾಡಿ ಈಗ ತಾನೇ ಕಟ್ಟಿಕೊಳ್ಳುತ್ತಾನೆ.

ಗುರುವಾರದ ವಿನ್ಯಾಸ ಎಳೆಯರದು, ಬೆವರಿನದು.
ಕಿಟಕಿ ತೆರೆದು ಕೆಳಗಿಳಿದುಬಿಡುತ್ತೇನೆ.

ಶುಕ್ರವಾರ ಯಿನ್. ಒಂದೇ ಭಂಗಿ, ಐದು ನಿಮಿಷ, ಮಿಸುಕುವಂತಿಲ್ಲ.
ರಾತ್ರಿಪಾಳಿಯ ನರ್ಸ್ ಬೊಗ್ನಾ
ಮೊದಲ ಭಂಗಿಯಲ್ಲೇ ಗೊರಕೆ ಹೊಡೆಯುತ್ತಾಳೆ.
ಕಿಂಗಾ ಎಬ್ಬಿಸುವುದಿಲ್ಲ, ಕಂಬಳಿ ಹೊದಿಸುತ್ತಾಳೆ.
ಕೊಟ್ಟ ದುಡ್ಡಿಗೆ ಅವಳು ಕೊಂಡದ್ದು ನಿದ್ದೆ.
ಅದಕ್ಕಿಂತ ಅಗ್ಗಕ್ಕೆ ಎಲ್ಲಿ ಸಿಗುತ್ತದೆ?

ಭಾನುವಾರ ಸುಮ್ಮನೆ ಕೂರುವುದು.
ಅದಕ್ಕೇನೋ ಹೆಸರಿದೆ, ನನ್ನ ನಾಲಿಗೆಗೆ ಹತ್ತುವುದಿಲ್ಲ.
ಉಸಿರು ಬಂತು, ಒಂದು. ಹೋಯಿತು, ಎರಡು.
ಬೀಗ ಹಾಕಬೇಕಲ್ಲ ಎಂದು ಬಾಗಿಲ ಬಳಿ ಕೂತವನು ನಾನು.
ಕುರ್ಚಿಯಲ್ಲಿ. ಕೋಟು ತೆಗೆಯದೆ.
ನಾಲ್ಕಕ್ಕೇ ಮಗ್ಗ ಶುರುವಾಯಿತು,
ನೂರಾ ಹನ್ನೆರಡೂ, ಕಿವಿಯೊಳಗೆ,
ಲಾಳಿ ಆಚೆ, ಲಾಳಿ ಈಚೆ, ಲಾಳಿ ಆಚೆ.
ಮುಚ್ಚಿದ ದಿನ ಸಾಲುಸಾಲಾಗಿ ನಿಲ್ಲಿಸಿದ ಕೈ ನನ್ನದೇ.
ಕಿವಿಗೆ ಗುಂಡಿ ಇರಲಿಲ್ಲ.

ಗಿರಣಿ ನಿಂತಮೇಲೆ ಹುಟ್ಟಿದವಳು ಕಿಂಗಾ.
ನಿಲ್ಲುತ್ತದೆ ಎನ್ನಲಿಲ್ಲ.
'ಓಡಲಿ ಬಿಡಿ, ಯಾವ ಮಗ್ಗ ಅಂತ ನೋಡಿ' ಅಂದಳು.

ಆರು ಭಾನುವಾರ ನೋಡಿದೆ.
ಏಳನೇ ಸಾಲು, ಕಿಟಕಿಯ ಪಕ್ಕದ್ದು.
ಅದರ ಹಿಡಿ ಬಿಗಿ, ಎಳೆಯಲು ಮೈಯೆಲ್ಲ ಬೇಕು.
'ನಾಳೆ ಸರಿಮಾಡುತ್ತೇನೆ' ಎಂದಿದ್ದೆ.
ಆ ನಾಳೆ ಹನ್ನೊಂದು ವರ್ಷ ಉದ್ದವಾಯಿತು.
ದಿನಕ್ಕೆ ಮುನ್ನೂರು ಸಲ, ಬಲಗೈಯಲ್ಲಿ,
ಎಳೆಯುತ್ತಿದ್ದವಳು ಯಾದ್ವಿಗಾ.

ಧ್ಯಾನದ ಮುಂದೆ ಹಸಿರು ಶಾಯಿಯಲ್ಲಿ ಬರೆದಿದೆ: ಮನಶ್ಶಾಂತಿ.
ನನಗೆ ಸಿಕ್ಕದ್ದು ಇದು.

ಸೋಮವಾರ ಬೀಗ ತೆಗೆದವನು ಒಳಗೇ ಉಳಿದೆ.
ಅವಳ ಪಕ್ಕ ಚಾಪೆ ಹಾಸಿ, ಕೋಟು ಕಳಚಿ,
ಹೇಳಿದೆ. ಹಿಡಿ, ನಾಳೆ, ಹನ್ನೊಂದು ವರ್ಷ.
ಅವಳು ಭಂಗಿ ಬಿಡಲಿಲ್ಲ.
'ಗೊತ್ತಿತ್ತು. ಎಣ್ಣೆ ಹಾಕು ಅಂತ ಎಷ್ಟು ಸಲ ಬಡಕೊಂಡಿದ್ದೆ.
ಈಗ ಕಾಲೆತ್ತು.'

ನಾವಾಸನ, ಎಂದಳು ಕಿಂಗಾ. ದೋಣಿ.
ಎತ್ತಿದೆ. ನಡುಗಿತು. ಬಿದ್ದೆ. ಎತ್ತಿದೆ.
ನೀರಿಲ್ಲದ ಊರಲ್ಲಿ, ಮಗ್ಗದ ತಗ್ಗುಗಳ ಮೇಲೆ,
ಹದಿನಾಲ್ಕು ಮುದಿ ದೋಣಿಗಳು,
ಉಸಿರು ಬಿಗಿಹಿಡಿದು.
'ಬಿಡಿ,' ಅಂದಳು ಕಿಂಗಾ, 'ಉಸಿರು ಬಿಡಿ.'