ಕಿಡಕಿ ಬದಿಯ ಸೀಟು

ಬೆಟಗೇರಿ ಬಸ್ ಸ್ಟ್ಯಾಂಡಿನ್ಯಾಗ ಕೂಡೂ ಶಾಸ್ತ್ರಿ
ನನ್ನ ಅಂಗೈ ತಿರುವಿ, ಬಿಸಿಲಿಗೆ ಹಿಡದು ನೋಡಿ
ಕೈ ಬಿಟ್ಟ.
'ಏನೂ ಉಳದಿಲ್ಲಬೇ ಇಲ್ಲಿ,
ಗೆರಿ ಎಲ್ಲಾ ರೊಟ್ಟಿ ತಿಂದಾವು.'
ಹತ್ತು ರೂಪಾಯಿ ಹೊಳ್ಳಿ ಕೊಟ್ಟ. ಮರ್ಯಾದಿ ಮನುಷ್ಯಾ.
ರೇಶನ್ ಅಂಗಡಿ ಮಷೀನೂ ಹಂಗ,
ಹೆಬ್ಬಟ್ಟು ಒತ್ತಿದರ ನನ್ನ ಗುರುತು ಹಿಡಿಯೂದಿಲ್ಲ.

ಮೂವತ್ತೊಂದು ವರ್ಷ ಬಡದೇನಿ.
ಯುಗಾದಿ ಇನ್ನೂ ತಿಂಗಳಿರತಾನ
ಕಂಬಿ ಹೊತ್ತು ಮಲ್ಲಯ್ಯಗ ಹೊಂಟವರು ಬರತಾರ:
ನೂರು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ.
ಹಳೇ ಧೋತರದಾಗ ಕಟ್ಟಿಕೊಡತೀನಿ, ಮೆತ್ತಗಾಗಬಾರದಂತ.
ನನ್ನ ರೊಟ್ಟಿ ಭೀಮನಕೊಳ್ಳ ಇಳದು ಏರ್ಯಾವು.
ನಾ ಮುಂಡರಗಿ ದಾಟಿಲ್ಲ.

ಒಮ್ಮೆ ದಾಟೂದಿತ್ತು.
ಟೆಂಪೋದಾಗ ಕಿಡಕಿ ಬದಿ ಸೀಟು, ಮುಂಗಡ ಕೊಟ್ಟು ಹಿಡದಿದ್ದೆ.
ಹಸರು ದಡಿ ಸೀರಿ, ಮಡಚಿ ಗಂಟಿನ್ಯಾಗ,
ನಮ್ಮಾಂವ ಮಗ್ಗದಿಂದ ಇಳಿಸಿದ ಕಟ್ಟಕಡೇದು.
ಮಲ್ಲಯ್ಯನ ಹೇಂತಿ ನಮ್ಮ ನಾಡಿನ ಮಗಳಲ್ಲಾ,
ತವರಿನ ಸೀರಿ ಬ್ಯಾಡೇನು ಆಕಿಗೆ?

ಹಿಂದಿನ ಸಂಜಿಗೆ ಮದುವಿ ಮನಿಯಿಂದ ಹೇಳಿಕಳಿಸಿದರು:
ಎಂಟನೂರು ರೊಟ್ಟಿ, ರೊಕ್ಕ ಮೊದಲ.
ಮೂರು ತಿಂಗಳ ಬಾಡಿಗಿ ನಿಂತಿತ್ತು.
ಮಲ್ಲಯ್ಯ ಎಲ್ಲಿಗೂ ಓಡೂದಿಲ್ಲ,
ಮನಿ ಮಾಲಕ ಮುಂಜಾನೆ ಬರತಾನ.

ಕಂಡಿಕಿ ಸುತ್ತಿ ಬೆರಳು ಸೊಟ್ಟಾದ ನಿಂಬೆವ್ವಗ
ಸೀಟು ಕೊಟ್ಟೆ. ಸೀರಿ ಕೊಟ್ಟೆ.
'ಐದು ದಿನ ನೋಡಕ್ಕ' ಅಂದು
ಆರು ವರ್ಷದ ದಾನವ್ವನ್ನ
ನನ್ನ ಒಲಿ ಮುಂದ ಕುಂಡ್ರಿಸಿ ಹೋದಳು.

ಟೆಂಪೋ ತಿರುಗಿ ಬಂತು.
ಆ ಸೀಟಿನ ಮ್ಯಾಲೆ ಖಾಲಿ ಧೋತರ, ರೊಟ್ಟಿ ಪುಡಿ.
'ಗುಡಿ ಮುಂದ ನಿಂತಿದ್ಳು, ಆಮ್ಯಾಲೆ ಇದ್ದಿದ್ದಿಲ್ಲ.'
ಸ್ಟೇಶನ್ನಿನ್ಯಾಗ ಕೇಳಿದರು, ನಿನಗೇನಾಗಬೇಕು ಆಕಿ?
ಏನಂತ ಬರಸಲಿ?
ನನ್ನ ಸೀಟಿನ್ಯಾಗ ಹೋದಾಕಿ, ಅಂದೆ.
ಬರಕೊಳ್ಳಲಿಲ್ಲ.

ಮೂರು ವರ್ಷಕ್ಕ ಕಂಬಿ ಅಜ್ಜ ಒಬ್ಬ ಸುದ್ದಿ ತಂದ.
ದಾಸೋಹದ ಮನ್ಯಾಗ ಕಂಡಳಂತ,
ಮುಸುರಿ ತಿಕ್ಕತಿದ್ಳಂತ, ನಗತಿದ್ಳಂತ,
ಹಸರು ದಡಿ ಸೀರಿ ಉಟ್ಟಿದ್ಳಂತ.
ಊರು ಕೇಳಿದರ ಕಿವುಡಿ ಆದಳಂತ.

ಆ ರಾತ್ರಿ ಹಿಟ್ಟು ನಾದಲಿಲ್ಲ ನಾ.
ಸಿಟ್ಟಲ್ಲ. ಸಿಟ್ಟು ಆಗಿದ್ದರ ನಿದ್ದಿ ಬರತಿತ್ತು.
ಆ ನಗು ಯಾರ ಪಾಲಿಂದು?
ಶೆಟಿಗೆವ್ವ ನನ್ನ ಹಣಿ ಮ್ಯಾಲೆ ಬರದದ್ದನ್ನ
ಕಿಡಕಿ ಬದಿ ಕುಂತು ಆಕಿ ಓದಿಕೋತ ಹೋದಳೋ?
ಆಕಿಗೆ ಬರದದ್ದು ಇಲ್ಲಿ
ನನ್ನ ಸೆರಗು ಹಿಡದು
'ದೊಡ್ಡವ್ವಾ, ಹಸಿವು' ಅಂತಿತ್ತೋ?
ದೇವರು ನಿಂಬೆವ್ವನ ಕಡೆ ಇದ್ದರ
ಹಾದಿ ಮಾತ್ರ ನನ್ನ ಕಡೆ ಬಂತು:
ಜ್ವರ, ಪಾಟೀಚೀಲ, ಹೇನು, ಫೀ,
ಕತ್ತಲಾದರೂ ಬರಲಾರದ ಟ್ಯೂಶನ್ನಿನ ಹುಡುಗಿ.

ಆಕಿಗೆ ರೊಟ್ಟಿ ಬಡಿಯೂದು ಕಲಿಸಲಿಲ್ಲ.
ಓಣಿ ಅಂತು, ಗಂಡನ ಮನ್ಯಾಗ ಏನು ಮಾಡೀತು?
ಗೆರಿ ಇರಲಿ ಬಿಡ್ರಿ ಅಂದೆ, ಒಬ್ಬರದರ.
ಈಗ ದವಾಖಾನ್ಯಾಗ ನರ್ಸ್.
ಆಕಿ ಬೆರಳು ಮಷೀನು ಒಂದ ಸಲಕ್ಕ ಹಿಡೀತೈತಿ.

ಹೋದ ಶ್ರಾವಣದಾಗ ಆಕಿಗೆ ಕೂಸಾತು.
ಐದನೇ ರಾತ್ರಿ ದೀಪ ಹಚ್ಚಿ
ತೊಟ್ಟಿಲ ಕೆಳಗ ಹಾಳಿ ಇಟ್ಟೆ, ಪೆನ್ನು ಇಟ್ಟೆ.
ಟೋಪಣ ತಗದದ್ದು ಖಾತ್ರಿ ಮಾಡಿಕೊಂಡೆ.
ಶೆಟಿಗೆವ್ವಗೂ ವಯಸ್ಸಾಗಿರತೈತಿ.
ಮುಂಜಾನೆ ಹಾಳಿ ಮ್ಯಾಲೆ ಏನೂ ಇರಲಿಲ್ಲ,
ಫ್ಯಾನಿನ ಗಾಳಿಗೆ ಒಂದು ಮೂಲಿ ಮಡಚಿತ್ತು.

'ಈ ಸಲ ಹೋಗೂಣು ದೊಡ್ಡವ್ವ' ಅಂತಾಳ ದಾನವ್ವ,
'ಹುಡುಕಾಕ ಅಲ್ಲ. ಸುಮ್ನ.'
ನೋಡೂಣು ಅಂದೇನಿ.
ನನ್ನ ಸೀಟಿನ್ಯಾಗ ಹೋದಾಕಿ ಇನ್ನೂ ತಿರುಗಿಲ್ಲ,
ಅಂದ ಮ್ಯಾಲೆ ನನ್ನ ಯಾತ್ರಿ ಇನ್ನೂ ನಡದ ಐತಲ್ಲ.

ಈಗ ಜೋಳ ಬೀಸಿಸಿ ತರಬೇಕು, ಕಂಬಿಯವರು ಬರೂ ಹೊತ್ತು.
ಪ್ರತಿ ಗಂಟಿನ್ಯಾಗೂ ನೂರರ ಮ್ಯಾಲೆ ಒಂದು ಇಡತೀನಿ,
ಎಳ್ಳು ಹಚ್ಚಿದ್ದು, ತುಸು ದಪ್ಪ. ಆಕಿಗೆ ಹಂಗ ಸೇರತಿತ್ತು.
ಯಾರಿಗಂತ ಹೇಳೂದಿಲ್ಲ.
'ಮುದುಕಿಗೆ ಎಣಿಸಾಕ ಬರೂದಿಲ್ಲ' ಅಂತ
ನಕ್ಕೋತ ಹೊಕ್ಕಾರ.