ಇದೇ ನಮ್ಮ ಕೋಣೆ

ಮೋರ್ಕಮ್ ಸಂತೆಯಲ್ಲಿ ಭಾನುವಾರ ಬೆಳಗ್ಗೆ
ರೆಗ್ ಹೆಸ್ಕೆತ್ ಷೂ ಡಬ್ಬಗಳ ಮುಚ್ಚಳ ತೆಗೆಯುತ್ತಾನೆ.
ಕೋಟೆ, ಚರ್ಚು, ಸೇತುವೆ, ಗಾಜಿನ ಅರಮನೆ,
ಒಂದರ ಬೆನ್ನಿಗೊಂದು ರೇಷನ್ ಸಾಲಿನ ಹಾಗೆ.
ಬೆಲೆ ಹಿಂಬದಿಗೆ, ಪೆನ್ಸಿಲ್ಲಿನಲ್ಲಿ;
ಅಳಿಸಿ ಬರೆದು, ಅಳಿಸಿ ಬರೆದು
ಆ ಮೂಲೆ ಹತ್ತಿಯಷ್ಟು ಮೆತ್ತಗಾಗಿದೆ.

ನನಗೆ ಬೇರೆ ಊರು ಬೇಡ.
ಮೋರ್ಕಮ್ ಒಂದೇ ಸಾಕು, ಅದರಲ್ಲೂ ಕಡಲ ದಂಡೆ ಒಂದೇ.
ಹತ್ತೊಂಬತ್ತು ವರ್ಷದಿಂದ ಇದರ ಉದ್ದಕ್ಕೂ ಬಸ್ಸು ಓಡಿಸುತ್ತಿದ್ದೇನೆ.
ಗಾಜಿನಾಚೆ ಏನಿದೆ, ಕಣ್ಣು ಮುಚ್ಚಿ ಹೇಳಬಲ್ಲೆ.
ಏನಿತ್ತು ಎನ್ನುವುದಕ್ಕೆ
ಕಾರ್ಡಿಗೆ ಐವತ್ತು ಪೆನ್ಸ್.

ಎರಡು ಪಿಯರ್ ಇದ್ದವು, ನೀರಿಗೆ ಚಾಚಿದ ಎರಡು ತೋಳು.
ಒಂದನ್ನು ಬಿರುಗಾಳಿ ಮುರಿಯಿತು,
ಇನ್ನೊಂದನ್ನು ಮನುಷ್ಯರೇ ಬಿಚ್ಚಿದರು.
ಊರಿನಲ್ಲಿ ಈಗ ಒಂದೂ ಇಲ್ಲ.
ನನ್ನ ಮನೆಯಲ್ಲಿ ಮೂವತ್ತೊಂದಿವೆ.

ಕಾರ್ಡಿನ ಆಕಾಶವನ್ನು ಮಾತ್ರ ನಂಬಬೇಡಿ.
ಬಣ್ಣ ಹಾಕಿದವನು ಈ ಕಡೆ ತಲೆ ಹಾಕಿದವನೇ ಅಲ್ಲ.
ಇದೇ ಮೋಡ, ಬಲಕ್ಕೆ ತುಸು ಹರಿದ ಇದೇ ಮೋಡ,
ಬ್ಲ್ಯಾಕ್‌ಪೂಲಿನ ಮೇಲೂ ಇದೆ, ಸೌತ್‌ಪೋರ್ಟಿನ ಮೇಲೂ.
ಬೂದಿ ಬಣ್ಣದ ನೀರಿಗೆ ನವಿಲಿನ ಕತ್ತು ಬಳಿದಿದ್ದಾನೆ.
ಕುದುರೆ ಟ್ರಾಮಿನ ಪಕ್ಕ ನಿಂತ ಹೆಂಗಸಿನ ಕೋಟು
ಒಂದು ಮುದ್ರಣದಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು.
ಪಾಪ, ಅವಳು ತೊಟ್ಟು ಬಂದದ್ದು ಯಾವುದೋ.

ಉಳಿದ ಗಿರಾಕಿಗಳು ಮುಖ ನೋಡಿ ಮಣೆ ಹಾಕುವವರು.
ನಾನು ಬೆನ್ನು ಓದುವವನು.
“ಮಳೆ. ಮತ್ತೆ ಮಳೆ. ಸೀಗಡಿ ಚೆನ್ನಾಗಿದೆ.”
“ಮನೆಯೊಡತಿ ಹತ್ತಕ್ಕೆ ಬಾಗಿಲು ಹಾಕುತ್ತಾಳೆ,
ಸ್ನಾನಕ್ಕೆ ಬೇರೆ ದುಡ್ಡು.”
“ಅಪ್ಪನ ಕೆಮ್ಮು ಪರವಾಗಿಲ್ಲ. ಬೆಕ್ಕಿಗೆ ಹಾಲು ಮರೆಯಬೇಡ.”
ಹೋಟೆಲಿನ ಚಿತ್ರದಲ್ಲಿ ಅಷ್ಟೂ ಕಿಟಕಿಗಳ ನಡುವೆ
ಒಂದರ ಮೇಲೆ ಶಾಯಿಯ ಗುಣಾಕಾರದ ಗುರುತು:
“ಇದೇ ನಮ್ಮ ಕೋಣೆ.”
ಎಷ್ಟೊಂದು ಜನ ಹಾಗೆ ಗುರುತು ಹಾಕಿದ್ದಾರೆ!
ಹತ್ತಿ ಗಿರಣಿಯ ಐವತ್ತೊಂದು ವಾರ ಕಳೆದು
ಒಂದೇ ಒಂದು ವಾರ
ಲೋಕಕ್ಕೆ ಬೆರಳಿಟ್ಟು ತೋರಿಸಲು ಅವರಿಗೊಂದು ಕಿಟಕಿ.

“ಕಂಡವರ ಕಾಗದ ಓದಿ ನಿನಗೇನು ಬರುತ್ತೆ?”
ಅನ್ನುತ್ತಾಳೆ ಬೆರಿಲ್,
ಆಮೇಲೆ ಕನ್ನಡಕ ಹುಡುಕಿ ತಾನೂ ಓದುತ್ತಾಳೆ.

ಮಾರ್ಚಿನಲ್ಲಿ ಸಿಕ್ಕಿದ್ದು ಬೇರೆ ಥರದ್ದು.
ಪಿಯರಿನ ತುದಿ, ಸಂಜೆಯ ದೀಪ. ಹಿಂದೆ:
ಮಿಸ್ ಐವಿ ಗ್ರೀನ್‌ಹಾಲ್ಜ್, ಪರ್ಲ್ ಸ್ಟ್ರೀಟ್, ಓಲ್ಡಮ್.
ಒಂದು ಪೆನ್ನಿಯ ಕೆಂಪು ಸ್ಟಾಂಪು,
ರಾಜ ತಲೆಕೆಳಗು, ಬೇಕೆಂದೇ ಅಂಟಿಸಿದ್ದು.
ಅಂಚೆಯ ಮುದ್ರೆ ಇಲ್ಲ.
“ಗುರುವಾರದ ರೈಲಿಗೆ ಬಾ. ಗಡಿಯಾರದ ಕೆಳಗಿರುತ್ತೇನೆ.”
ಸಹಿ ಇಲ್ಲ. ಯಾವ ಗುರುವಾರ, ಅದೂ ಇಲ್ಲ.
ರೆಗ್ ಒಂದು ಪೌಂಡು ಕೇಳಿದ:
“ಪೋಸ್ಟಿಗೆ ಹಾಕದ್ದು ನೋಡು, ಹೊಸದಿದ್ದ ಹಾಗಿದೆ.”

ಮೂರು ರಾತ್ರಿ ಅದು ಆಲ್ಬಮ್ಮಿನಲ್ಲಿ ಕೂತಿತು.
ನನಗೆ ಕೂರಲಾಗಲಿಲ್ಲ.
ಗಡಿಯಾರದ ಗೋಪುರ ದಾಟುವಾಗಲೆಲ್ಲ
ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.
ಕೆಳಗೆ ಚಿಪ್ಸ್ ತಿನ್ನುವ ಒಬ್ಬ ಹುಡುಗ,
ಅವನ ಕೈಯನ್ನೇ ನೋಡುವ ಕಡಲಹಕ್ಕಿ.

ಹಳೆಯ ರಾಜನ ಪಕ್ಕ ಹೊಸ ಸ್ಟಾಂಪು ಅಂಟಿಸಿದೆ.
“ತಲೆ ಕೆಟ್ಟಿದೆ ನಿನಗೆ,” ಅಂದಳು ಬೆರಿಲ್;
ಅಂದವಳೇ ಕೋಟು ಹಾಕಿಕೊಂಡು ಜೊತೆಗೆ ಬಂದಳು.
ಕೆಂಪು ಡಬ್ಬದ ಬಾಯಲ್ಲಿ ಬೆರಳು ಸಡಿಲಿಸಲು
ತುಸು ಹೊತ್ತು ಹಿಡಿಯಿತು.
ಬಿದ್ದ ಸದ್ದು ಕೇಳಿಸಲಿಲ್ಲ.

ವಾಪಸು ಬರಲು ಅದರ ಮೇಲೆ ನನ್ನ ವಿಳಾಸವಿಲ್ಲ.
ಪರ್ಲ್ ಸ್ಟ್ರೀಟು ಈಗಲೂ ಇದೆಯೋ,
ಕಾರು ನಿಲ್ಲಿಸುವ ಬಯಲಾಗಿದೆಯೋ,
ನಕಾಶೆ ತೆಗೆದು ನೋಡಿಲ್ಲ, ನೋಡುವುದೂ ಇಲ್ಲ.

ಗುರುವಾರ ಮಾತ್ರ, ಆ ಸ್ಟಾಪಿನಲ್ಲಿ
ಯಾರೂ ಗಂಟೆ ಒತ್ತದಿದ್ದರೂ ಬಾಗಿಲು ತೆರೆಯುತ್ತೇನೆ.
ಉಪ್ಪುಗಾಳಿ ಟಿಕೆಟ್ಟಿಲ್ಲದೆ ಒಳಗೆ ಹತ್ತುತ್ತದೆ.
ಹಿಂದಿನ ಸೀಟಿನ ಮುದುಕ ಮಫ್ಲರ್ ಬಿಗಿದು ಕೂಗುತ್ತಾನೆ,
“ಏನಾಯ್ತು ಡ್ರೈವರ್, ಯಾರಿಗೆ ಕಾಯ್ತಾ ಇದೀಯ?”

ಏನೂ ಇಲ್ಲ, ಅನ್ನುತ್ತೇನೆ.
ಹೊತ್ತಿಗಿಂತ ಸ್ವಲ್ಪ ಮುಂಚೆ ಬಂದಿದ್ದೇವೆ.